ಹಸಿರು ಬಾಣದ ಹಿಂದೆ

ಆ ಬೆಳಿಗ್ಗೆ ಸಾವನದುರ್ಗ ಡ್ರೈವರ್ ಅಪ್ಪಾಜಿಯ ಎಡಗಡೆಗೆ ಕಾಣಿಸಿತು. ಮಾಗಡಿ ದಾಟಿ ಮಂಚನಬೆಲೆ ಮೇಲೆ ಬಿಡದಿಗೆ ಹೋಗುವಾಗ ಆ ಬೆಟ್ಟ ಬಲಗಡೆಗೇ ಇರಬೇಕು. ವರ್ಷಗಟ್ಟಲೆ ಅದೇ ದಾರಿಯಲ್ಲಿ ಬಸ್ಸು ಓಡಿಸಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪಾಜಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಬೆಟ್ಟ ಎಡಗಡೆಯಲ್ಲೇ ಇತ್ತು, ನೆತ್ತಿಯ ಮೇಲೆ ಒಂದು ತುಂಡು ಮಂಜು ಹೊದ್ದುಕೊಂಡು, ಇಷ್ಟು ದಿನವೂ ತಾನು ಅಲ್ಲೇ ಇದ್ದಂತೆ.

ಬಸ್ಸಿನ ತುಂಬ ಹೆಣ್ಣುಮಕ್ಕಳು. ಕುದೂರು ಸುತ್ತಮುತ್ತಲಿಂದ ಬಿಡದಿಯ ಕಾರ್ಖಾನೆಗೆ ಮೊದಲ ಪಾಳಿಗೆ ಹೋಗುವವರು. ಹೆಚ್ಚಿನವರು ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದರು. ಡ್ರೈವರ್ ಪಕ್ಕದ ಒಂಟಿ ಸೀಟಿನಲ್ಲಿ ಕೂರುವ ಭಾನುಪ್ರಿಯ ಮಾತ್ರ ಎಚ್ಚರವಿದ್ದಳು.

"ಯಾಕಣ್ಣ, ಇವತ್ತು ರಾಮನಗರದ ರೋಡಿಗೆ ಬಂದ್ಬುಟ್ರಿ?"

ಆಗ ಅಪ್ಪಾಜಿಗೆ ಗೊತ್ತಾಯಿತು. ಮಾಗಡಿಯಲ್ಲಿ ತಾನು ಬೇರೆ ರಸ್ತೆ ಹಿಡಿದಿದ್ದ. ಯಾವಾಗ ಹಿಡಿದದ್ದು, ಯಾಕೆ ಹಿಡಿದದ್ದು ಒಂದೂ ನೆನಪಿಗೆ ಬರಲಿಲ್ಲ.

"ಆ ಕಡೆ ರೋಡ್ ಕಿತ್ತಾಕವ್ರೆ ಕಣವ್ವ. ಸುತ್ತಾಕ್ಕೊಂಡ್ ಹೋಗನ ಅಂತ," ಎಂದ.

ಭಾನುಪ್ರಿಯ ಹೂಂ ಅಂದಳು. ಆ ವರ್ಷ, ಎರಡು ಸಾವಿರದ ಒಂಬತ್ತರಲ್ಲಿ, ಕಿತ್ತು ಹಾಕದ ರಸ್ತೆಯೇ ಆ ಸೀಮೆಯಲ್ಲಿರಲಿಲ್ಲ. ನಂಬದಿರಲು ಅವಳಿಗೆ ಕಾರಣವೇ ಇರಲಿಲ್ಲ. ಆದರೆ ಬಿಡದಿ ಮುಟ್ಟುವ ತನಕ ಅಪ್ಪಾಜಿಯ ಅಂಗೈಯ ಬೆವರಿಗೆ ಸ್ಟೇರಿಂಗ್ ಜಾರುತ್ತಲೇ ಇತ್ತು.

ಅವನು ಕುದೂರು ಹೋಬಳಿಯವನು, ಹೊಲದ ಜೊತೆಗೆ ಕುರಿ ಸಾಕುವ ಮನೆತನ. ಅಪ್ಪ ತಿಮ್ಮಯ್ಯನ ಹಿಂದೆ ಕುರಿ ಹೊಡೆದುಕೊಂಡು ದುರ್ಗದ ತಪ್ಪಲೆಲ್ಲ ಅಲೆದು ಬೆಳೆದ. ಮೀಸೆ ಮೂಡುವ ವಯಸ್ಸಿಗೆ ಲಾರಿ ಹತ್ತಿದ. ಕ್ಲೀನರ್ ಆಗಿದ್ದು ಡ್ರೈವರ್ ಆದ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು, ಚನ್ನಪಟ್ಟಣದಿಂದ ಮರದ ಗೊಂಬೆ, ಕನಕಪುರದ ಕಡೆಯಿಂದ ಕಲ್ಲು, ಹೀಗೆ ಏನು ಹೇರಿದರೂ ಸರಿ, ಹೊತ್ತಿಗೆ ಮುಟ್ಟಿಸುವವನು ಎಂಬ ಹೆಸರಿತ್ತು. ಬಿಡದಿಯಲ್ಲಿ ಕಾರ್ಖಾನೆಗಳು ಏಳತೊಡಗಿದ ಮೇಲೆ ಅನಂತರಾಜು ಎಂಬ ಕಂಟ್ರಾಕ್ಟರು ಅವನನ್ನು ಕರೆದು ಸ್ಟಾಫ್ ಬಸ್ಸು ಓಡಿಸಲು ಕೂರಿಸಿದ. ಮನೆಯ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಕಳಿಸಲು ಹಿಂದೆಮುಂದೆ ನೋಡುತ್ತಿದ್ದ ತಾಯಂದಿರು, ಬಸ್ಸು ಅಪ್ಪಾಜಿಯದ್ದು ಅಂದಮೇಲೆ ಒಪ್ಪಿದರು. ಭಾನುಪ್ರಿಯಳ ತಾಯಿಯಂತೂ ಮಗಳನ್ನು ಮೊದಲ ದಿನ ಬಸ್ಸು ಹತ್ತಿಸಿ, "ನಿನ್ ಕೈಲಿ ಕೊಟ್ಟಿವ್ನಿ ಕಣಪ್ಪ," ಅಂದಿದ್ದಳು.

ಅವನಿಗೆ ಮಕ್ಕಳಿರಲಿಲ್ಲ. ಹೆಂಡತಿ ಭದ್ರಮ್ಮ, ಅದೇ ಅಂಗಳದ ಆಚೆ ಬದಿಗೆ ಅವಳ ತಮ್ಮ ಚಿಕ್ಕರಾಜುವಿನ ಸಂಸಾರ, ಇಬ್ಬರಿಗೂ ಸೇರಿದ ಕುರಿಹಟ್ಟಿ. ವಯಸ್ಸು ಐವತ್ತು ದಾಟಿತ್ತು, ಅಷ್ಟೆ. ಮುದುಕನೇನಲ್ಲ.

ಆದರೆ ಬೆಟ್ಟ ಮಗ್ಗಲು ಬದಲಿಸಿದ ಆ ದಿನ ಅವನಿಗೆ ನೆನಪಾದದ್ದು ಅಪ್ಪ. ತಿಮ್ಮಯ್ಯ ಕಡೆಗಾಲಕ್ಕೆ ದಾರಿ ಮರೆತಿದ್ದ. ಮೊದಲು ಹೊಲದಿಂದ ಮನೆಗೆ, ಆಮೇಲೆ ಜಗಲಿಯಿಂದ ಒಳಕ್ಕೆ. ಒಂದು ಸಲ ಮೂರೂರಾಚೆ ಯಾರದೋ ಬಾವಿಕಟ್ಟೆ ಮೇಲೆ ಕೂತಿದ್ದವನನ್ನು ಹಿಡಿದು ತಂದ ಮೇಲೆ ಅವನನ್ನು ಹಿಂದಿನ ಕೋಣೆಯಲ್ಲಿ ಬಿಟ್ಟು ಹೊರಗಿನಿಂದ ಚಿಲಕ ಹಾಕತೊಡಗಿದರು. ಒಳಗಿನಿಂದ ಬಾಗಿಲು ಬಡಿಯುವ ಸದ್ದು ಅಪ್ಪಾಜಿ ಲಾರಿ ನಿಲ್ಲಿಸಿ ಬೀದಿಗೆ ಇಳಿಯುವಾಗಲೇ ಕೇಳುತ್ತಿತ್ತು. ಆ ಸದ್ದು ಕೇಳಲಾಗದೆ ಅವನು ಬಾಡಿಗೆ ಇಲ್ಲದಿದ್ದರೂ ಲಾರಿ ತೆಗೆದುಕೊಂಡು ಹೋದದ್ದುಂಟು.

ಮುಂದಿನ ತಿಂಗಳುಗಳಲ್ಲಿ ಮತ್ತೆ ಮತ್ತೆ ಆಯಿತು. ಕಾರ್ಖಾನೆಗಳ ನಡುವೆ ಬಸ್ಸು ತಿರುಗಿಸಿದರೆ ಎಲ್ಲ ಒಂದೇ ಥರದ ನೀಲಿ ತಗಡಿನ ಶೆಡ್ಡು, ಒಂದೇ ಥರದ ಕಾಂಪೌಂಡು. ನಿನ್ನೆ ರಾಗಿ ಹೊಲವಿದ್ದಲ್ಲಿ ಇವತ್ತು ಬೇಲಿ, ನಾಳೆ ಗೇಟು. ಹೊಸ ಡ್ರೈವರುಗಳು ಬೈರಮಂಗಲದ ಕೆರೆ ಏರಿ ತನಕ ಹೋಗಿ, ಕೊಳಚೆ ನೊರೆಯ ವಾಸನೆ ಮೂಗಿಗೆ ಬಡಿದ ಮೇಲೆ ದಾರಿ ತಪ್ಪಿದ್ದು ತಿಳಿದು ವಾಪಸು ಬರುತ್ತಿದ್ದರು. ಎಲ್ಲರೂ ದಾರಿ ತಪ್ಪುತ್ತಿದ್ದ ಆ ಕಾಲದಲ್ಲಿ ಅಪ್ಪಾಜಿ ತಪ್ಪಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಆ ರಸ್ತೆಗಳು ಹುಟ್ಟುವುದನ್ನೇ ತಾನು ನೋಡಿದ್ದೆ ಎಂಬುದು ಅವನೊಬ್ಬನಿಗೆ ಗೊತ್ತಿತ್ತು. ರಾತ್ರಿ ಮಲಗುವ ಮುಂಚೆ ಬಾಯಲ್ಲಿ ತಿರುವುಗಳನ್ನು ಹೇಳಿಕೊಳ್ಳುತ್ತಿದ್ದ. ಒಂದೆರಡು ತಿರುವಾದ ಮೇಲೆ ನಾಲಿಗೆ ನಿಂತುಬಿಡುತ್ತಿತ್ತು.

ಹೀಗಿರುವಾಗ ಅನಂತರಾಜು ಒಂದು ದಿನ ಎಲ್ಲ ಡ್ರೈವರುಗಳನ್ನೂ ಶೆಡ್ಡಿಗೆ ಕರೆಸಿದ. ಬೆಂಗಳೂರಿನ ಯಾವುದೋ ಸಣ್ಣ ಕಂಪನಿಯಿಂದ ದೀಪು ಎಂಬ ಇಂಜಿನಿಯರು ಬಂದಿದ್ದ. ಬಸ್ಸಿನ ಮುಂದಿನ ಗಾಜಿನ ಹತ್ತಿರ ಒಂದು ಫೋನನ್ನು ಹಿಡಿಕೆಗೆ ಸಿಕ್ಕಿಸಿದ. ಅದರ ಕ್ಯಾಮೆರಾ ರಸ್ತೆ ಕಡೆಗಿತ್ತು. ಪರದೆಯ ಮೇಲೆ ಎದುರಿನ ರಸ್ತೆ ಇದ್ದ ಹಾಗೇ ಕಾಣುತ್ತಿತ್ತು: ಅದೇ ಧೂಳು, ಅದೇ ನಾಯಿ, ಅದೇ ಟೀ ಅಂಗಡಿ. ಆದರೆ ಆ ರಸ್ತೆಯ ಮೇಲೆ ಬಣ್ಣ ಬಳಿದಂತೆ ಒಂದು ಹಸಿರು ಬಾಣ. ತಿರುವು ಬಂದರೆ ಬಾಣವೂ ಬಾಗುತ್ತಿತ್ತು. ಶೆಡ್ಡುಗಳ ತಲೆ ಮೇಲೆ ಅವುಗಳ ಹೆಸರುಗಳು ಗಾಳಿಯಲ್ಲಿ ತೇಲುತ್ತಿದ್ದವು. ಬೆರಳು ಮುಟ್ಟಿಸಿದರೆ ಚಿತ್ರ ಹೋಗಿ ನಕಾಶೆ ಬರುತ್ತಿತ್ತು, ಅದರ ಮೇಲೆ ಬಸ್ಸಿರುವ ಕಡೆ ಒಂದು ನೀಲಿ ಚುಕ್ಕೆ.

"ನೆಲದ ಮೇಲೆ ನಿಜವಾಗ್ಲೂ ಏನೂ ಇರಲ್ಲ. ಫೋನೇ ಬರೆದು ತೋರ್ಸುತ್ತೆ," ಎಂದು ದೀಪು ವಿವರಿಸಿದ.

ಇನ್ನೊಂದು ಬಸ್ಸಿನ ಡ್ರೈವರು, ಮಾಗಡಿಯ ಕರೀಂ, ಬಗ್ಗಿ ನೋಡಿ ಹಿಂದೆ ಸರಿದ. "ದೆವ್ವ ಕೈ ತೋರ್ಸ್ದಂಗೈತೆ ಕಣ್ಲಾ ಅಪ್ಪಾಜಿ. ನಂಗ್ ಬ್ಯಾಡಪ್ಪ ಇದು."

"ನನ್ ಬಸ್ಸಿಗಾಕಿ," ಎಂದ ಅಪ್ಪಾಜಿ. ಎಷ್ಟು ಬೇಗ ಅಂದನೆಂದರೆ ಅನಂತರಾಜು ತಿರುಗಿ ನೋಡಿದ.

ಆಮೇಲಿನ ವಾರಗಳು ಅಪ್ಪಾಜಿಗೆ ಜ್ವರ ಬಿಟ್ಟಂತಿದ್ದವು. ಬಾಣ ಹೇಳಿದ ಕಡೆ ಬಸ್ಸು ತಿರುಗಿಸಿದರೆ ಸಾಕು, ಗೇಟು ಎದುರಿಗೇ ಬರುತ್ತಿತ್ತು. ಮಾಗಡಿಯಲ್ಲಿ ರಸ್ತೆ ಕವಲೊಡೆಯುವ ಕಡೆ ಬಾಣ ತಾನೇ ಮಂಚನಬೆಲೆ ಕಡೆ ಬಾಗುತ್ತಿತ್ತು. ಊಟ ರುಚಿಸತೊಡಗಿತು. ಭದ್ರಮ್ಮನ ಜೊತೆ ನಾಲ್ಕು ಮಾತಾಡುವುದೂ ಶುರುವಾಯಿತು. ಆದರೆ ಹೊಸ ಹೆದರಿಕೆಯೊಂದು ಹಳೆಯದರ ಜಾಗದಲ್ಲಿ ಬಂದು ಕೂತಿತ್ತು. ಚಾರ್ಜು ಮುಗಿದರೆ? ಇದು ಬರೀ ಪರೀಕ್ಷೆಗೆ ಹಾಕಿರುವುದು ಅಂದಿದ್ದರು, ಬಿಚ್ಚಿಕೊಂಡು ಹೋದರೆ? ಹೈಟೆನ್ಷನ್ ತಂತಿಯ ಕೆಳಗೆ ಹೋದಾಗ ಬಾಣ ಒಂದು ಗಳಿಗೆ ದಿಕ್ಕು ತೋಚದಂತೆ ಅತ್ತಿತ್ತ ಓಲಾಡುತ್ತಿತ್ತು. ಆಗ ಅವನ ಎದೆಯೂ ಹಾಗೇ ಓಲಾಡುತ್ತಿತ್ತು.

ಬಸ್ಸು ನಿಲ್ಲಿಸಿದ ಮೇಲೆ ಫೋನನ್ನು ಜೇಬಿಗೆ ಹಾಕಿಕೊಂಡು ಮನೆಗೆ ಒಯ್ಯತೊಡಗಿದ. ಒಂದು ಸಂಜೆ ಕುದೂರಿನ ಬಸ್ ಸ್ಟ್ಯಾಂಡಿನಿಂದ ಹೊರಟವನಿಗೆ ಮನೆಯ ಓಣಿ ಯಾವುದೆಂದು ತಿಳಿಯಲಿಲ್ಲ. ಎರಡು ಓಣಿ ಎದುರಿಗಿದ್ದವು. ಎರಡೂ ಗುರುತಿನವೇ, ಆದರೆ ಯಾವುದು ತನ್ನದು? ಫೋನು ತೆಗೆದು ಎದೆಯೆತ್ತರಕ್ಕೆ ಹಿಡಿದ. ಪರದೆಯಲ್ಲಿ ಓಣಿ ಕಂಡಿತು, ಕಟ್ಟೆ ಮೇಲಿನ ಕೋಳಿ ಕಂಡಿತು. ಬಾಣ ಇರಲಿಲ್ಲ. ಅದರಲ್ಲಿ ಗುರುತು ಹಾಕಿದ್ದದ್ದು ಕಾರ್ಖಾನೆಗಳನ್ನು, ಬಸ್ಸು ನಿಲ್ಲುವ ಜಾಗಗಳನ್ನು ಮಾತ್ರ. ಅವನು ಫೋನು ಹಿಡಿದುಕೊಂಡೇ ನಿಂತಿದ್ದ. ನೀರು ಹೊತ್ತು ಬಂದ ಗುಲ್ಜಾರ್ ಬೀ, ಅವನ ಮನೆಯಿಂದ ಮೂರನೇ ಬಾಗಿಲಿನವಳು, "ಯಾಕಣ್ಣ, ಫೋಟೋ ಹಿಡೀತಿದ್ದೀಯಾ?" ಎಂದು ನಕ್ಕಳು. ಅವನೂ ನಕ್ಕು, ಅವಳ ಹಿಂದೆ ಹಿಂದೆಯೇ ನಡೆದು ಮನೆ ಸೇರಿದ.

ಮರುವಾರ ದೀಪು ಬಂದಾಗ ಕೇಳಿದ, "ಇದ್ರಾಗೆ ನಮ್ಮನೆ ಹಾಕಕ್ಕಾಯ್ತದಾ?"

ದೀಪುವಿಗೆ ಖುಷಿಯಾಯಿತು. ಡ್ರೈವರೊಬ್ಬರಿಗೆ ಇಷ್ಟು ಆಸಕ್ತಿ ಇದೆಯೆಂದು ಅವನು ಅಂದುಕೊಂಡಿರಲಿಲ್ಲ. "ಅದಕ್ಕೇನು ಸರ್, ನೀವೇ ಗುರುತು ಹಾಕಬಹುದು," ಎಂದು ಹೇಗೆಂದು ತೋರಿಸಿದ. ಅಂದಿನಿಂದ ಅಪ್ಪಾಜಿ ಸಂಜೆ ಫೋನು ಎತ್ತಿದರೆ ಓಣಿಯ ಕೊನೆಗೆ, ಹೆಂಚಿನ ಮೇಲೆ, ತನ್ನ ಮನೆಯ ಹೆಸರು ಹಸಿರಾಗಿ ತೇಲುತ್ತಿತ್ತು. ಅದನ್ನು ಕಂಡಾಗಲೆಲ್ಲ ಸಮಾಧಾನಕ್ಕಿಂತ ಭಯವೇ ಹೆಚ್ಚಾಗುತ್ತಿತ್ತು.

ಮಳೆಗಾಲ ಹಿಡಿಯಿತು. ಒಂದು ಮಧ್ಯಾಹ್ನ ಮೊದಲ ಪಾಳಿ ಮುಗಿಸಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೊರಟಾಗ ದಾರಿಯಲ್ಲಿ ಮೋರಿ ಕೊಚ್ಚಿಹೋಗಿತ್ತು. ಜನ ನಿಂತು ವಾಪಸು ಕಳಿಸುತ್ತಿದ್ದರು. ಬಸ್ಸು ತಿರುಗಿಸಿದ ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಹೊಸ ಬಾಣ ಮೂಡಿತು, ಬಲಕ್ಕೆ, ಒಂದು ಹಳೆಯ ಹಳ್ಳಿ ರಸ್ತೆಗೆ. ಆ ರಸ್ತೆಯಲ್ಲಿ ಅಪ್ಪಾಜಿ ಲಾರಿ ಕಾಲದಲ್ಲಿ ಓಡಾಡಿದ್ದಿರಬೇಕು. ನೆನಪಿರಲಿಲ್ಲ. ಬಾಣ ಇತ್ತಲ್ಲ, ತಿರುಗಿಸಿದ.

ಮಳೆ ನಿಂತಿತ್ತು. ಎರಡೂ ಕಡೆ ಲಂಟಾನ ಪೊದೆ. ಹಿಂದಿನ ಸೀಟುಗಳಲ್ಲಿ ಯಾರದೋ ಮದುವೆ ಸೀರೆಯ ಮಾತು ನಡೆದಿತ್ತು. ರಸ್ತೆ ಒಂದು ದಿಣ್ಣೆ ಹತ್ತಿತು. ದಿಣ್ಣೆಯ ಮೇಲೆ ಮಣ್ಣಿನ ಗುಡ್ಡೆ, ಅದರ ಹಿಂದೆ ಎರಡು ಗೂಟಕ್ಕೆ ಕಟ್ಟಿದ ಹಗ್ಗ, ಹಗ್ಗಕ್ಕೆ ಕೆಂಪು ಬಟ್ಟೆಯ ಚೂರುಗಳು. ಅದರಾಚೆಗೆ ರಸ್ತೆ ಇರಲಿಲ್ಲ. ಆಕಾಶವಿತ್ತು.

ಅಪ್ಪಾಜಿಗೆ ಅದೆಲ್ಲ ಕಂಡಿತು. ಪರದೆಯ ಮೇಲೆ ಹಸಿರು ಬಾಣ ಮಣ್ಣಿನ ಗುಡ್ಡೆ ದಾಟಿ, ಹಗ್ಗ ದಾಟಿ, ಆಕಾಶದ ಮೇಲೆ ನೆಟ್ಟಗೆ ಮುಂದಕ್ಕೆ ಹೋಗಿದ್ದೂ ಕಂಡಿತು. ಹೋದ ವಾರವಷ್ಟೇ ಎದುರಿಗಿದ್ದ ಗೇಟು ಅವನಿಗೆ ಕಂಡಿರಲಿಲ್ಲ, ಬಾಣವೇ ತೋರಿಸಿತ್ತು. ಹಿಂದಿನ ತಿಂಗಳು ಇಲ್ಲದ ಗೋಡೆ ಇದೆಯೆಂದು ಬ್ರೇಕು ಹಾಕಿದ್ದ. ಹಾಗಾದರೆ ಈ ಹಗ್ಗ ಇದೆಯೋ ಇಲ್ಲವೋ? ಈ ಕೆಂಪು ಬಟ್ಟೆ ಇರುವುದು ದಿಣ್ಣೆಯ ಮೇಲೋ, ತನ್ನ ತಲೆಯೊಳಗೋ? ಕಾಲು ಬ್ರೇಕಿನ ಮೇಲಿತ್ತು. ಒತ್ತಲಿಲ್ಲ.

"ಅಣ್ಣಾ! ಕ್ವಾರಿ!" ಭಾನುಪ್ರಿಯ ಕಿರುಚಿ ಅವನ ತೋಳು ಹಿಡಿದು ಎಳೆದಳು.

ಕಾಲು ತಾನಾಗಿ ಒತ್ತಿತು. ಬಸ್ಸು ಒದ್ದೆ ಮಣ್ಣಿನಲ್ಲಿ ಜಾರಿ, ಮುಂದಿನ ಚಕ್ರ ಗುಡ್ಡೆಯ ಮೇಲೆ ಹತ್ತಿ, ಮೂತಿ ಎತ್ತಿಕೊಂಡು ನಿಂತಿತು. ಇಂಜಿನ್ ಆಫ್ ಆಯಿತು. ಚಕ್ರದ ಕೆಳಗಿಂದ ಒಂದು ಕಲ್ಲು ಉರುಳಿತು. ಅದು ಎಲ್ಲೋ ಆಳದಲ್ಲಿ ನೀರಿಗೆ ಬಿದ್ದ ಸದ್ದು ಎಷ್ಟೋ ಹೊತ್ತಿನ ಮೇಲೆ ಬಂದಂತಾಯಿತು.

ಯಾರೂ ಅಲುಗಾಡಲಿಲ್ಲ. ಆಮೇಲೆ ಯಾರೋ ಅಳತೊಡಗಿದರು. ಭಾನುಪ್ರಿಯಳೇ ಎದ್ದು, "ಹಿಂದ್ಲ ಬಾಗ್ಲಿಂದ ಇಳೀರಿ. ಒಬ್ಬೊಬ್ರಾಗಿ. ನೂಕಾಡ್ಬ್ಯಾಡಿ," ಎಂದು ಎಲ್ಲರನ್ನೂ ಇಳಿಸಿದಳು. ಮತ್ತೆ ಒಳಗೆ ಬಂದು ನೋಡಿದರೆ ಅಪ್ಪಾಜಿ ಇನ್ನೂ ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ.

"ಇಳೀರಣ್ಣ. ಬಸ್ಸು ಜಾರ್ತದೆ."

"ನಂಗ್ ಕಾಣ್ತಿತ್ತು ಕಣವ್ವ," ಎಂದ ಅವನು ಮೆಲ್ಲಗೆ. "ಹಗ್ಗ, ಬಟ್ಟೆ, ಎಲ್ಲಾ ಕಾಣ್ತಿತ್ತು. ನನ್ ಕಣ್ಣ ನಂಬ್ಲಾ, ಇದ್ನ ನಂಬ್ಲಾ ಅಂತ ಗೊತ್ತಾಗ್ನಿಲ್ಲ."

ಭಾನುಪ್ರಿಯ ಅವನ ಮುಖವನ್ನೇ ನೋಡಿದಳು. ರಾಮನಗರದ ರಸ್ತೆ ಹಿಡಿದ ಆ ಬೆಳಿಗ್ಗೆ ಅವಳಿಗೆ ನೆನಪಾಗಿರಬೇಕು. ಅವನ ಬೆರಳುಗಳನ್ನು ಒಂದೊಂದಾಗಿ ಸ್ಟೇರಿಂಗಿನಿಂದ ಬಿಡಿಸಿ, ಕೈಹಿಡಿದು ಇಳಿಸಿಕೊಂಡು ಹೋದಳು.

ಊರೆಲ್ಲ ಫೋನನ್ನೇ ಬೈಯಿತು. ನಕಾಶೆ ಹಳೆಯದು, ಆ ರಸ್ತೆಯನ್ನು ಕಲ್ಲು ತೆಗೆಯುವ ಕ್ವಾರಿ ತಿಂದು ಎಷ್ಟೋ ಕಾಲವಾಗಿತ್ತು. ಅನಂತರಾಜು ಫೋನನ್ನು ಕಿತ್ತು ದೀಪುವಿನ ಕೈಗೆ ಕೊಟ್ಟು ಕಳಿಸಿದ. ಅಪ್ಪಾಜಿಗೆ, "ನಿನ್ದೇನೂ ತಪ್ಪಿಲ್ಲ ಬುಡು. ಎರಡ್ ದಿನ ಸುಧಾರಿಸ್ಕೊಂಡ್ ಬಾ," ಎಂದ. ಹೆಣ್ಣುಮಕ್ಕಳ ತಾಯಂದಿರು ಮನೆಗೆ ಬಂದು, ನೀನಿದ್ದಕ್ಕೆ ನಮ್ಮ ಮಕ್ಕಳು ಉಳಿದರು ಎಂದು ಕೈಮುಗಿದರು. ಅಪ್ಪಾಜಿ ನೆಲ ನೋಡುತ್ತ ಕೇಳಿಸಿಕೊಂಡ. ಸುಮ್ಮನಿದ್ದರೆ ಸಾಕಿತ್ತು. ಸೋಮವಾರ ಮತ್ತೆ ಬಸ್ಸು ಹತ್ತಬಹುದಿತ್ತು. ಈ ಸಲ ಬಾಣವೂ ಇರುವುದಿಲ್ಲ.

ಎರಡನೇ ದಿನ ಭಾನುಪ್ರಿಯ ಬಂದಳು. ಜಗಲಿಯ ಮೇಲೆ ಕೂತು ಸೆರಗಿನ ಅಂಚು ಸುತ್ತುತ್ತಲೇ ಹೇಳಿದಳು.

"ಅಣ್ಣ, ನೀವ್ ಬಸ್ ಬುಟ್ರೆ ನಮ್ಮವ್ವ ನನ್ನ ಕೆಲ್ಸಕ್ಕೆ ಕಳ್ಸಕಿಲ್ಲ. ಗೊತ್ತು ನಂಗೆ. ಆದ್ರೂ ಹೇಳ್ಬೇಕಾಯ್ತದೆ. ನೀವೇ ಹೇಳ್ತೀರೋ, ಇಲ್ಲ ನಾನ್ ಹೇಳ್ಲೋ?"

"ನಾನೇ ಹೇಳ್ತೀನಿ ಕಣವ್ವ," ಎಂದ ಅಪ್ಪಾಜಿ. "ಮೊದ್ಲು ಮನ್ಯಾಗೆ ಹೇಳ್ಬೇಕು. ಅದೇ ಭಯ."

ಅವಳು ಹೋದ ಮೇಲೆ ಭದ್ರಮ್ಮನನ್ನು ಕರೆದು ಎದುರಿಗೆ ಕೂರಿಸಿಕೊಂಡ. ಎಡಗಡೆಗೆ ಬಂದ ಬೆಟ್ಟದಿಂದ ಹಿಡಿದು ಎಲ್ಲವನ್ನೂ ಹೇಳಿದ. ಭದ್ರಮ್ಮ ಮೊದಲು ನಂಬಲಿಲ್ಲ. ಆಮೇಲೆ ಸಿಟ್ಟಾದಳು, ನಿದ್ದೆ ಇಲ್ಲದ್ದಕ್ಕೆ ಹೀಗಾಗಿದೆ ಅಂದಳು. ಕೊನೆಗೆ ಅವಳ ಕಣ್ಣು ಹಿಂದಿನ ಕೋಣೆಯ ಕಡೆ ಹೋಯಿತು.

"ಮಾವಯ್ಯಂಗಾದಂಗಾ?"

"ಹಂಗೇ ಇರ್ಬೇಕು." ಅವನು ಹಿಂದಿನ ಕೋಣೆಯ ಕಡೆ ನೋಡಲಿಲ್ಲ. "ಆಗ ಚಿಲಕ ಹಾಕ್ತಿದ್ದೋಳು ನೀನೇ ಅಲ್ವಾ ಭದ್ರಿ. ನಂಗೂ ಹಾಕ್ತೀಯಾ?"

"ನೀನ್ ಲಾರಿ ತಗಂಡ್ ಹೋಗ್ಬುಡ್ತಿದ್ದೆ. ನಾನೊಬ್ಳೇ ಏನ್ ಮಾಡ್ಲಿ? ಹೊಲಕ್ಕೂ ಹೋಗ್ಬೇಕು, ಕುರಿನೂ ನೋಡ್ಬೇಕು, ಅವ್ರನ್ನೂ ಹುಡುಕ್ಬೇಕು. ಬಾವಿಗ್ ಬಿದ್ದ್ರೆ ಅಂತ ಹೆದ್ರಿ ಹಾಕ್ತಿದ್ದೆ. ದಿನಾ ಅತ್ಕೊಂಡ್ ಹಾಕ್ತಿದ್ದೆ."

ಇಷ್ಟು ವರ್ಷದಲ್ಲಿ ಇಬ್ಬರೂ ಆ ಮಾತು ಎತ್ತಿರಲಿಲ್ಲ. ಅಪ್ಪಾಜಿ ಅವಳ ಕೈ ಹಿಡಿದುಕೊಂಡ. ಅಂದು ಸಂಜೆ ಭದ್ರಮ್ಮನೇ ತಮ್ಮ ಚಿಕ್ಕರಾಜುವನ್ನು ಕರೆದು ಆ ಕೋಣೆಯ ಬಾಗಿಲ ಚಿಲಕವನ್ನು ಮೊಳೆ ಸಮೇತ ಕೀಳಿಸಿದಳು.

ಸೋಮವಾರ ಅಪ್ಪಾಜಿ ಅನಂತರಾಜುವಿಗೆ ಬಸ್ಸಿನ ಬೀಗದ ಕೈ ಕೊಟ್ಟ. ಕರೀಂ ಜೊತೆಯಲ್ಲಿದ್ದ. ಕಾರಣ ಕೇಳಿಸಿಕೊಂಡ ಅನಂತರಾಜು, "ಈ ಆರ್ ತಿಂಗ್ಳೂ ಹಿಂಗೇ ಓಡ್ಸಿದ್ಯಾ?" ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಏನಾಗಿಬಿಡಬಹುದಿತ್ತು ಎಂದು ನೆನೆದು ಹುಟ್ಟಿದ ಅಂಜಿಕೆ ಇತ್ತು. ಆ ಬಸ್ಸನ್ನು ಕರೀಂ ವಹಿಸಿಕೊಂಡ. ಮೊದಲ ದಿನ ಬೆಳಿಗ್ಗೆ ಅಪ್ಪಾಜಿಯೇ ಭಾನುಪ್ರಿಯಳ ಮನೆಗೆ ಹೋಗಿ ಅವಳ ತಾಯಿಗೆ, "ಕರೀಂ ನಂಗಿಂತ ಒಳ್ಳೆ ಡ್ರೈವರ್ರು. ಕಳ್ಸವ್ವ," ಎಂದ. ಆಕೆ ಒಂದು ವಾರ ಕಳಿಸಲಿಲ್ಲ. ಆಮೇಲೆ ಕಳಿಸಿದಳು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಕಾಯಿಲೆಗೆ ಒಂದು ಹೆಸರು ಹೇಳಿದರು. ನಿಲ್ಲಿಸಲಾಗದು, ಮಾತ್ರೆಯಿಂದ ಒಂದಿಷ್ಟು ತಡೆಯಬಹುದು ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಭದ್ರಮ್ಮ ಅವನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಕುದೂರಿನಲ್ಲಿ ಇಳಿಯುವ ತನಕ ಬಿಡಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ದೀಪು ಒಬ್ಬನೇ ಹುಡುಕಿಕೊಂಡು ಬಂದ. ಬಹಳ ಇಳಿದುಹೋಗಿದ್ದ. ಜಗಲಿಯ ಮೇಲೆ ಕೂತು, ಕಣ್ಣು ಮುಚ್ಚಿದರೆ ಆ ಕ್ವಾರಿಯೇ ಕಾಣುತ್ತದೆ ಸರ್, ಆ ರಸ್ತೆಯನ್ನು ನಾನು ಒಂದು ಸಲವಾದರೂ ಹೋಗಿ ನೋಡಬೇಕಿತ್ತು ಎಂದ.

"ನೋಡ್ಬೇಕಿತ್ತಪ್ಪ," ಎಂದ ಅಪ್ಪಾಜಿ. "ಆದ್ರೆ ಎಲ್ಲಾ ನಿನ್ ತಲೆ ಮ್ಯಾಲೆ ಹಾಕ್ಕೋಬ್ಯಾಡ. ಬ್ಯಾರೆ ಯಾರೇ ಇದ್ದಿದ್ರೂ ಹಗ್ಗ ಕಂಡೇಟ್ಗೆ ನಿಲ್ಲಿಸ್ತಿದ್ರು. ನಂಗ್ ಆಗ್ನಿಲ್ಲ."

ಭದ್ರಮ್ಮ ಕಾಫಿ ತಂದಿಟ್ಟು ಒಳಗೆ ಹೋದಳು. ಹಟ್ಟಿಯಲ್ಲಿ ಚಿಕ್ಕರಾಜು ಕುರಿ ಬಿಡುತ್ತಿದ್ದ. ಈಗ ದಿನವೂ ಅಪ್ಪಾಜಿ ಅವನ ಜೊತೆ ಹೋಗುತ್ತಿದ್ದ, ಮಂದೆಯ ನಡುವೆಯೇ, ಮುಂದೆಯೂ ಅಲ್ಲ ಹಿಂದೆಯೂ ಅಲ್ಲ. ದೀಪು ಎದ್ದು ಹೊರಡುವಾಗ ಅಪ್ಪಾಜಿ ಅವನ ಮೊಣಕೈ ಹಿಡಿದು ನಿಲ್ಲಿಸಿ, ಒಳಗೆ ಕೇಳಿಸದಂತೆ ದನಿ ತಗ್ಗಿಸಿದ.

"ಕಾರ್ಖಾನೆ ಮ್ಯಾಲೆ ಹೆಸರು ಬರೆದು ತೋರಿಸ್ತಿತ್ತಲ್ಲ ನಿನ್ ಫೋನು. ಮನ್ಷರ ಮಖದ ಮ್ಯಾಲೂ ಬರೆದು ತೋರ್ಸಕ್ಕಾಯ್ತದಾ? ಇಂಥೋರು, ನಿಂಗೆ ಇಂಥಾ ಸಂಬಂಧ ಆಗ್ಬೇಕು ಅಂತ?"

"ಇನ್ನೂ ಆಗಲ್ಲ ಸರ್. ಮುಂದೆ ಆಗಬಹುದು."

"ಒಸಿ ಬೇಗ ಮಾಡಪ್ಪ," ಎಂದ ಅಪ್ಪಾಜಿ.

ಅವನು ದನಿ ತಗ್ಗಿಸಿದ್ದು ಸಾಲದಾಗಿತ್ತು. ಬಾಗಿಲ ಹಿಂದೆ ನಿಂತಿದ್ದ ಭದ್ರಮ್ಮನಿಗೆ ಕೇಳಿಸಿತು. ಅವಳು ಒಲೆಯ ಮುಂದೆ ಹೋಗಿ ಕೂತಳು. ಬೆಂಕಿ ಆರಿದ್ದೂ ಅವಳಿಗೆ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಕಾಫಿ ಲೋಟ ಅವನ ಕೈಗೆ ಕೊಡುವ ಮುಂಚೆ ಅವಳು, "ನಾನು ಭದ್ರಿ," ಎಂದಳು. ಅಪ್ಪಾಜಿ ತಲೆಯೆತ್ತಿ ನೋಡಿದ. "ಗೊತ್ತು ಕಣೇ. ಯಾಕ್ ಹೇಳ್ತೀಯ?" ಎಂದು ಲೋಟ ತೆಗೆದುಕೊಂಡ. ಮರುದಿನವೂ ಹಾಗೇ ಹೇಳಿದಳು, ಅದರ ಮರುದಿನವೂ. ಅವನು ಒಮ್ಮೊಮ್ಮೆ ನಗುತ್ತಿದ್ದ, ಒಮ್ಮೊಮ್ಮೆ ರೇಗುತ್ತಿದ್ದ. ಅವನು ನಕ್ಕ ದಿನವಾಗಲಿ, ರೇಗಿದ ದಿನವಾಗಲಿ, ಇನ್ನೂ ಗುರುತು ಹಿಡಿಯುತ್ತಾನಲ್ಲ ಎಂದು ಭದ್ರಮ್ಮ ಹಟ್ಟಿ ಕಡೆ ಹೋಗಿ ಕಸ ಗುಡಿಸುವಾಗ ಸ್ವಲ್ಪ ಹಗುರಾಗಿರುತ್ತಿದ್ದಳು.